ಕೊನೆಯ ಇಪ್ಪತ್ತು ಅಡಿಗಳ ಭ್ರಮೆ

ಸಣ್ಣ ವಿಮಾನವನ್ನು ಇಳಿಸುವುದನ್ನು ವಿದ್ಯಾರ್ಥಿ ಪೈಲಟ್‌ಗಳಿಗೆ ಹೇಗೆ ಕಲಿಸಬೇಕು ಎಂಬ ವಿಷಯದಲ್ಲಿ ಹಾರಾಟ ತರಬೇತಿಯ ವಲಯದಲ್ಲಿ ಬಹುಕಾಲದಿಂದ ಬೇರೂರಿರುವ ಅಭಿಪ್ರಾಯವೊಂದಿದ್ದು, ಅದಕ್ಕೆ ಮೂರು ಅಂಗಗಳಿವೆ. ಇಳಿಸುವಿಕೆ ಎಂಬುದು ಕೈಗೆ ಹತ್ತಬೇಕಾದ ಹದ, ಅದು ಮತ್ತೆ ಮತ್ತೆ ಇಳಿಸುವುದರಿಂದಲೇ ಬರುತ್ತದೆ ಎಂಬುದು ಮೊದಲನೆಯದು. ವಿದ್ಯಾರ್ಥಿಯ ತಪ್ಪನ್ನು ಸಾಧ್ಯವಾದಷ್ಟು ಬೆಳೆಯಲು ಬಿಟ್ಟು, ಇನ್ನೇನು ಅನಾಹುತವಾಯಿತು ಎನ್ನುವ ಕ್ಷಣದಲ್ಲಿ ಕೈಹಾಕಿ ಉಳಿಸುವವರೇ ನಿಜವಾದ ಬೋಧಕರು ಎಂಬುದು ಎರಡನೆಯದು. ಇಳಿಯದೆ ಮತ್ತೆ ಮೇಲೇರಿದ ಹಾರಾಟವು ಕಲಿಕೆಯ ಲೆಕ್ಕಕ್ಕೆ ಬಾರದ, ಇಂಧನವನ್ನೂ ಹಣವನ್ನೂ ತಿಂದುಹಾಕಿದ ಸೋಲು ಎಂಬುದು ಮೂರನೆಯದು. ಈ ಮೂರೂ ಒಟ್ಟಾಗಿ ತರಬೇತಿಯ ಎಲ್ಲ ಗಮನವನ್ನು ಚಕ್ರಗಳು ನೆಲ ಮುಟ್ಟುವ ಕೊನೆಯ ಇಪ್ಪತ್ತು ಅಡಿಗಳ ಮೇಲೆ ಕೇಂದ್ರೀಕರಿಸಿವೆ. ಮೃದುವಾಗಿ ಮುಟ್ಟಿದರೆ ಮೆಚ್ಚುಗೆ, ಗಡುಸಾಗಿ ಮುಟ್ಟಿದರೆ ಟೀಕೆ ಎಂಬಲ್ಲಿಗೆ ಮೌಲ್ಯಮಾಪನ ಮುಗಿಯುತ್ತದೆ.

ಈ ಅಭಿಪ್ರಾಯದಲ್ಲಿ ಸತ್ಯಾಂಶ ಇಲ್ಲವೆಂದಲ್ಲ, ಆದರೆ ಅದು ಸುರಕ್ಷತೆಯ ನೆಲೆಯನ್ನೇ ತಪ್ಪು ಜಾಗದಲ್ಲಿ ಹುಡುಕುತ್ತದೆ. ಇಳಿಸುವಿಕೆಯ ಸುರಕ್ಷತೆಯು ಬಹುಪಾಲು ನಿರ್ಧಾರವಾಗುವುದು ರನ್‌ವೇಯ ಮೇಲಲ್ಲ, ಅದಕ್ಕೂ ಮುಂಚಿನ ಒಂದೆರಡು ನಿಮಿಷಗಳಲ್ಲಿ. ಮತ್ತು ಬೋಧಕರು ಕಲಿಸಬೇಕಾದ ಮೊದಲ ಕೌಶಲ ನೆಲವನ್ನು ಮುಟ್ಟುವುದಲ್ಲ, ಮುಟ್ಟಲು ಯೋಗ್ಯವಲ್ಲದ ಸ್ಥಿತಿಯನ್ನು ಗುರುತಿಸಿ ಮೇಲೇರುವುದು. ಕೊನೆಯ ಕ್ಷಣದ ರಕ್ಷಣೆ ಎಂಬುದನ್ನು ಬೋಧಕರ ಹೆಗ್ಗಳಿಕೆಯಾಗಿ ಪರಿಗಣಿಸುವ ವಾಡಿಕೆಯಂತೂ ವಿಮಾನದ ಭೌತಶಾಸ್ತ್ರಕ್ಕೂ ಮನುಷ್ಯನ ಪ್ರತಿಕ್ರಿಯೆಯ ಮಿತಿಗೂ ವಿರುದ್ಧವಾದುದು.

ಈ ವಾಡಿಕೆ ಇಷ್ಟು ಕಾಲ ಪ್ರಶ್ನೆಗೊಳಗಾಗದೆ ಉಳಿದಿರುವುದಕ್ಕೆ ಕಾರಣವೂ ಇದೆ. ಅಮೆರಿಕದ ವಿಮಾನ ಮಾಲೀಕರ ಮತ್ತು ಪೈಲಟ್‌ಗಳ ಸಂಘವಾದ ಎಓಪಿಎ ಪ್ರಕಟಿಸುತ್ತ ಬಂದಿರುವ ಸಣ್ಣ ವಿಮಾನಗಳ ಅಪಘಾತ ವರದಿಗಳಲ್ಲಿ ಪೈಲಟ್‌ ತಪ್ಪಿನಿಂದಾಗುವ ಅಪಘಾತಗಳ ಪೈಕಿ ಇಳಿಯುವಾಗಿನವೇ ವರ್ಷ ವರ್ಷವೂ ಅತಿ ದೊಡ್ಡ ಗುಂಪಾಗಿ ಕಾಣಿಸಿಕೊಳ್ಳುತ್ತವೆ, ಆದರೆ ಅವುಗಳಲ್ಲಿ ಪ್ರಾಣಹಾನಿಯಾಗುವುದು ತೀರ ಕಡಿಮೆ. ಪ್ರೊಪೆಲ್ಲರ್ ಬಾಗುತ್ತದೆ, ಮುಂಚಕ್ರ ಮುರಿಯುತ್ತದೆ, ವಿಮಾನ ರನ್‌ವೇ ಪಕ್ಕದ ಹುಲ್ಲಿಗೆ ಜಾರುತ್ತದೆ, ಒಳಗಿದ್ದವರು ನಡೆದುಕೊಂಡು ಹೊರಬರುತ್ತಾರೆ. ಹೀಗಾಗಿ ಅಪಘಾತವು ವಿಮೆಯ ಕಡತಕ್ಕೆ ಸೇರಿ, ಕಲಿಸುವ ಕ್ರಮದಲ್ಲಿಯೇ ದೋಷವಿರಬಹುದೆಂಬ ಪ್ರಶ್ನೆ ಏಳುವುದೇ ಇಲ್ಲ. 1956ರಲ್ಲಿ ಸೆಸ್ನಾ 172 ಮಾರುಕಟ್ಟೆಗೆ ಬಂದಾಗ ಅದರ ಮೂಗಿನಡಿಯ ಚಕ್ರವುಳ್ಳ ವ್ಯವಸ್ಥೆಯನ್ನು ಕಂಪನಿಯು ‘ಲ್ಯಾಂಡ್-ಒ-ಮ್ಯಾಟಿಕ್’ ಎಂಬ ಹೆಸರಿನಲ್ಲಿ, ಇಳಿಸುವಿಕೆ ತಾನಾಗಿಯೇ ನಡೆದುಹೋಗುತ್ತದೆ ಎಂಬ ಧಾಟಿಯಲ್ಲಿ ಪ್ರಚಾರ ಮಾಡಿತ್ತು. ಬಾಲದ ಚಕ್ರದ ಹಳೆಯ ವಿಮಾನಗಳಿಗೆ ಹೋಲಿಸಿದರೆ ಈ ವ್ಯವಸ್ಥೆ ಹೆಚ್ಚು ಕ್ಷಮಾಶೀಲವಾಗಿದ್ದುದು ನಿಜ. ಆ ಕ್ಷಮೆಯೇ ಮುಂದೆ ಬೋಧನೆಯ ಆಲಸ್ಯಕ್ಕೆ ಆಸರೆಯಾಯಿತು.

ಇಳಿಸುವಿಕೆಯ ಹಿಂದಿನ ಲೆಕ್ಕವನ್ನು ಇಲ್ಲಿ ಸ್ವಲ್ಪ ಬಿಡಿಸಿ ನೋಡಬೇಕು. ವಿಮಾನವು ರನ್‌ವೇಗೆ ನೇರವಾಗಿ ಎದುರಾಗಿ ಕೆಳಗಿಳಿಯುತ್ತ ಬರುವ ಹಂತವನ್ನು ಅಪ್ರೋಚ್ ಎನ್ನುತ್ತಾರೆ. ರೆಕ್ಕೆಗಳು ವಿಮಾನವನ್ನು ಎತ್ತಿಹಿಡಿಯುವ ಬಲವನ್ನು ಇದ್ದಕ್ಕಿದ್ದಂತೆ ಕಳೆದುಕೊಳ್ಳುವ ಸ್ಥಿತಿಗೆ ಸ್ಟಾಲ್ ಎಂದು ಹೆಸರು. ಇಳಿಯುವ ಸಿದ್ಧತೆಯಲ್ಲಿರುವ ವಿಮಾನವು ಯಾವ ವೇಗದಲ್ಲಿ ಸ್ಟಾಲ್ ಆಗುತ್ತದೋ ಅದರ 1.3 ಪಟ್ಟು ವೇಗದಲ್ಲಿ ಅಪ್ರೋಚ್ ನಡೆಸಬೇಕೆಂಬುದು ಸಾಮಾನ್ಯವಾಗಿ ಒಪ್ಪಿತವಾದ ನಿಯಮ. ತರಬೇತಿಗೆ ಹೆಚ್ಚಾಗಿ ಬಳಕೆಯಾಗುವ ಸೆಸ್ನಾ 172ರಲ್ಲಿ ಫ್ಲ್ಯಾಪ್‌ಗಳನ್ನು, ಎಂದರೆ ರೆಕ್ಕೆಯ ಹಿಂಬದಿಯಿಂದ ಕೆಳಕ್ಕೆ ಬಾಗುವ ಹಲಗೆಗಳನ್ನು, ಪೂರ್ತಿ ಇಳಿಸಿದಾಗ ಈ ವೇಗ 60ರಿಂದ 70 ನಾಟ್‌ಗಳ ನಡುವೆ ಇರುತ್ತದೆ. ಚಲಿಸುವ ವಸ್ತುವಿನ ಶಕ್ತಿಯು ವೇಗದ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ, 65 ನಾಟ್‌ನಲ್ಲಿ ಬರಬೇಕಾದ ವಿಮಾನ 75 ನಾಟ್‌ನಲ್ಲಿ ಬಂದರೆ ವೇಗ ಹೆಚ್ಚಿದ್ದು ಹತ್ತೇ ನಾಟ್ ಆದರೂ ಕರಗಿಸಬೇಕಾದ ಶಕ್ತಿ ಶೇಕಡ 33ರಷ್ಟು ಹೆಚ್ಚುತ್ತದೆ.

ಈ ಹೆಚ್ಚುವರಿ ಶಕ್ತಿಯೇ ಮುಂದಿನ ಅನರ್ಥಗಳ ತಾಯಿ. ನೆಲಕ್ಕೆ ರೆಕ್ಕೆಯ ಅಗಲದಷ್ಟು, ಎಂದರೆ ಸೆಸ್ನಾ 172ರಲ್ಲಿ ಸುಮಾರು 36 ಅಡಿಗಳಷ್ಟು, ಹತ್ತಿರ ಬಂದ ವಿಮಾನಕ್ಕೆ ಗಾಳಿಯ ತಡೆ ಕಡಿಮೆಯಾಗುವುದರಿಂದ ಅದು ಇಳಿಯಲೊಲ್ಲದೆ ರನ್‌ವೇಯ ಮೇಲೆ ತೇಲುತ್ತ ಸಾಗುತ್ತದೆ. ರನ್‌ವೇ ಮುಗಿಯುತ್ತ ಬರುವುದನ್ನು ಕಂಡ ವಿದ್ಯಾರ್ಥಿ ವಿಮಾನವನ್ನು ಬಲವಂತವಾಗಿ ಕೆಳಕ್ಕೆ ಒತ್ತುವುದು ಸಹಜ. ಆಗ ಮುಖ್ಯ ಚಕ್ರಗಳಿಗಿಂತ ಮೊದಲೇ ಮೂಗಿನ ಚಕ್ರ ನೆಲಕ್ಕೆ ಬಡಿಯುತ್ತದೆ, ವಿಮಾನ ಪುಟಿಯುತ್ತದೆ. ಇದನ್ನು ನೋಡಿದವರು ಇಳಿಸುವ ಹದ ಇನ್ನೂ ಬಂದಿಲ್ಲ ಎಂದು ತೀರ್ಪು ಕೊಡುತ್ತಾರೆ. ಆದರೆ ತಪ್ಪು ನಡೆದದ್ದು ಹದದಲ್ಲಲ್ಲ, ಅರ್ಧ ಮೈಲಿ ಹಿಂದೆ ವೇಗಮಾಪಕದ ಮುಳ್ಳು 75ರಲ್ಲಿದ್ದಾಗ ಅದನ್ನು ಯಾರೂ ಪ್ರಶ್ನಿಸದೆ ಬಿಟ್ಟದ್ದರಲ್ಲಿ.

ಮತ್ತೆ ಮತ್ತೆ ಇಳಿಸಿದರೆ ತಾನಾಗಿ ಬರುತ್ತದೆ ಎಂಬ ವಾದವನ್ನು ಸರಳ ಗಣಿತವೇ ದುರ್ಬಲಗೊಳಿಸುತ್ತದೆ. ರನ್‌ವೇಯ ಸುತ್ತ ಆಯತಾಕಾರದಲ್ಲಿ ಹಾರಿ ಮತ್ತೆ ಇಳಿಯುವ ಒಂದು ಸುತ್ತನ್ನು ಸರ್ಕ್ಯೂಟ್ ಎನ್ನುತ್ತಾರೆ. ಒಂದು ಗಂಟೆಯಲ್ಲಿ ಎಂಟರಿಂದ ಹತ್ತು ಸರ್ಕ್ಯೂಟ್‌ಗಳು ಸಾಧ್ಯ. ನೆಲದ ಹತ್ತಿರ ವಿಮಾನದ ಮೂಗನ್ನು ಮೆಲ್ಲಗೆ ಎತ್ತಿ ಇಳಿಕೆಯ ವೇಗವನ್ನು ತಗ್ಗಿಸುವ ಕ್ರಿಯೆಗೆ ಫ್ಲೇರ್ ಎಂದು ಹೆಸರು, ಅದು ನಡೆಯುವುದು ಪ್ರತಿ ಸಲ ಐದಾರು ಸೆಕೆಂಡುಗಳ ಕಾಲ ಮಾತ್ರ. ಹಾಗಾದರೆ ಗಂಟೆಗಟ್ಟಲೆ ಹಣ ತೆತ್ತ ವಿದ್ಯಾರ್ಥಿಗೆ ಒಂದು ಗಂಟೆಯಲ್ಲಿ ದಕ್ಕುವ ಫ್ಲೇರ್ ಅಭ್ಯಾಸ ಒಟ್ಟು ಸುಮಾರು ಒಂದು ನಿಮಿಷ. ಆ ಒಂದು ನಿಮಿಷವೂ ಒಂದೊಂದು ಸಲ ಒಂದೊಂದು ವೇಗದಲ್ಲಿ, ಒಂದೊಂದು ಎತ್ತರದಿಂದ ಆರಂಭವಾದರೆ ಅಭ್ಯಾಸವಾಗುವುದು ಇಳಿಸುವಿಕೆಯಲ್ಲ, ಹತ್ತು ಬೇರೆ ಬೇರೆ ತಪ್ಪುಗಳನ್ನು ಹತ್ತು ಬಗೆಯಲ್ಲಿ ಸಾವರಿಸಿಕೊಳ್ಳುವ ಕಸರತ್ತು. ಅಪ್ರೋಚ್ ಪ್ರತಿ ಸಲವೂ ಒಂದೇ ಬಗೆಯಾಗಿದ್ದಾಗ ಮಾತ್ರ ಪುನರಾವರ್ತನೆಗೆ ಅರ್ಥ ಬರುತ್ತದೆ.

ಆ ಕೆಲವು ಸೆಕೆಂಡುಗಳನ್ನೇ ಹಿಗ್ಗಿಸಬೇಕೆಂದಿದ್ದರೆ ಅದಕ್ಕೆ ಸುರಕ್ಷಿತವಾದ ದಾರಿಗಳಿವೆ. ಮೂರು ಸಾವಿರ ಅಡಿ ಎತ್ತರದಲ್ಲಿ ಸ್ಟಾಲ್‌ಗೆ ಹತ್ತಿರದ ನಿಧಾನ ವೇಗದಲ್ಲಿ ವಿಮಾನವನ್ನು ನಡೆಸುವುದರಿಂದ ಯೋಕ್‌ ಎಂಬ ಹಿಡಿಯು ಸಡಿಲವಾಗುವುದು, ಅಲುಗಾಟಕ್ಕೆ ವಿಮಾನ ತಡವಾಗಿ ಸ್ಪಂದಿಸುವುದು, ಮೂಗು ತನ್ನಷ್ಟಕ್ಕೆ ಕೆಳಗೆ ಬಾಗಲು ನೋಡುವುದು ಕೈಗೆ ಪರಿಚಿತವಾಗುತ್ತವೆ. ಉದ್ದನೆಯ ರನ್‌ವೇ ಇದ್ದಲ್ಲಿ ಎಂಜಿನ್ನಿಗೆ ಸ್ವಲ್ಪ ಬಲ ಕೊಟ್ಟು, ಬೋಧಕರು ಆ ಬಲವನ್ನು ನಿಯಂತ್ರಿಸುವ ಥ್ರಾಟಲ್ ಹಿಡಿದು, ಚಕ್ರ ಮುಟ್ಟಿಸದೆ ಕೆಲವೇ ಅಡಿ ಎತ್ತರದಲ್ಲಿ ರನ್‌ವೇಯ ಉದ್ದಕ್ಕೂ ಹಾರಿಸಿದರೆ ಐದು ಸೆಕೆಂಡಿನ ಪಾಠ ಇಪ್ಪತ್ತು ಸೆಕೆಂಡಿನದಾಗುತ್ತದೆ. ನೋಟವನ್ನು ವಿಮಾನದ ಮೂಗಿನ ಮುಂದೆಯೇ ನೆಟ್ಟರೆ ನೆಲ ಸರ್ರನೆ ಏರಿಬಂದಂತೆ ಕಂಡು ಫ್ಲೇರ್‌ನ ಅಂದಾಜು ಕೆಡುತ್ತದೆ, ರನ್‌ವೇಯ ದೂರದ ತುದಿಯತ್ತ ನೋಟ ಸರಿಸಿದರೆ ಎತ್ತರದ ಅಂದಾಜು ತಾನಾಗಿ ಸಿಗುತ್ತದೆ ಎಂಬುದು ಈ ಅಭ್ಯಾಸದಲ್ಲಿ ಅನುಭವಕ್ಕೆ ಬರುತ್ತದೆ. ಈ ಕ್ರಮಗಳು ಹೊಸದಾಗಿ ಕಂಡುಹಿಡಿದವಲ್ಲ. ಇಳಿತಗಳ ಸಂಖ್ಯೆಯನ್ನೇ ಪ್ರಗತಿಯೆಂದು ದಾಖಲಿಸುವ ಕಡೆ ಇವುಗಳಿಗೆ ಸಮಯ ಸಿಗುವುದಿಲ್ಲ ಅಷ್ಟೆ.

ಚಕ್ರ ಮುಟ್ಟಿಸಿದ ಕೂಡಲೇ ನಿಲ್ಲದೆ ಮತ್ತೆ ಮೇಲೇರುವ ‘ಟಚ್ ಅಂಡ್ ಗೋ’ ಪದ್ಧತಿಯೂ ಇದೇ ಸಂಖ್ಯಾಮೋಹದ ಕೂಸು. ಇದರಲ್ಲಿ ವಿದ್ಯಾರ್ಥಿಯು ಓಡುತ್ತಿರುವ ವಿಮಾನವನ್ನು ನೇರವಾಗಿಟ್ಟುಕೊಂಡೇ ಫ್ಲ್ಯಾಪ್ ಮಡಿಸಬೇಕು, ಟ್ರಿಮ್ ಎಂಬ ಸಮತೋಲನದ ಚಕ್ರವನ್ನು ತಿರುಗಿಸಬೇಕು, ಥ್ರಾಟಲ್ ಒತ್ತಬೇಕು. ಕಣ್ಣು ಒಳಗೆ ಹೊರಗೆ ಅಲೆಯುವ ಈ ಹೊತ್ತಿನಲ್ಲಿ ವಿಮಾನ ಮಧ್ಯರೇಖೆಯಿಂದ ಸರಿಯುವುದು ಸುಲಭ. ಇನ್ನೂ ಮುಖ್ಯವಾಗಿ, ನೆಲ ಮುಟ್ಟಿದ ಮೇಲೂ ಅಡ್ಡಗಾಳಿಯಲ್ಲಿ ರೆಕ್ಕೆಯನ್ನು ಹಿಡಿದಿಟ್ಟು, ಪೆಡಲ್‌ಗಳಿಂದ ದಿಕ್ಕು ಕಾದು, ಹದವಾಗಿ ಬ್ರೇಕ್ ಹಾಕಿ ನಿಲ್ಲಿಸುವ ಕೊನೆಯ ಪಾಠವೇ ಇಲ್ಲಿ ತಪ್ಪಿಹೋಗುತ್ತದೆ. ಸಣ್ಣ ವಿಮಾನಗಳು ಹತೋಟಿ ತಪ್ಪಿ ರನ್‌ವೇ ಬಿಟ್ಟು ಹೋಗುವುದು ಹೆಚ್ಚಾಗಿ ಈ ಓಟದ ಹಂತದಲ್ಲೇ ಎಂಬುದನ್ನು ನೆನೆದರೆ, ಏಕಾಂಗಿ ಹಾರಾಟಕ್ಕೆ ಮುಂಚಿನ ಇಳಿತಗಳಲ್ಲಿ ಬಹುಪಾಲನ್ನು ಪೂರ್ತಿ ನಿಲ್ಲಿಸಿಯೇ ಮುಗಿಸಬೇಕೆಂಬುದರಲ್ಲಿ ಸಂಶಯ ಉಳಿಯುವುದಿಲ್ಲ.

ಎರಡನೆಯ ಅಂಗವಾದ ‘ತಪ್ಪಿನಿಂದಲೇ ಕಲಿಕೆ’ ಎಂಬ ವಾದಕ್ಕೆ ಹೆಚ್ಚಿನ ಗೌರವದಿಂದ ಉತ್ತರಿಸಬೇಕು, ಏಕೆಂದರೆ ಅದರ ಹಿಂದೆ ಹಾರಾಟ ಬೋಧನೆಯ ಇತಿಹಾಸದಲ್ಲೇ ಶ್ರೇಷ್ಠವಾದ ಒಂದು ಪರಂಪರೆ ಇದೆ. ಮೊದಲ ಮಹಾಯುದ್ಧದ ಕಾಲಕ್ಕೆ, 1917ರಲ್ಲಿ, ಇಂಗ್ಲೆಂಡಿನ ಗಾಸ್ಪೋರ್ಟ್‌ನಲ್ಲಿ ರಾಬರ್ಟ್ ಸ್ಮಿತ್-ಬ್ಯಾರಿ ಎಂಬ ಅಧಿಕಾರಿಯು ಬೋಧಕರಿಗೂ ವಿದ್ಯಾರ್ಥಿಗೂ ಪ್ರತ್ಯೇಕ ನಿಯಂತ್ರಣಗಳಿದ್ದ ಅವ್ರೋ 504 ವಿಮಾನಗಳನ್ನು ಬಳಸಿ, ಇಬ್ಬರ ನಡುವೆ ಮಾತಿಗೆ ರಬ್ಬರ್ ಕೊಳವೆಯನ್ನು ಜೋಡಿಸಿ, ಅಪಾಯಗಳನ್ನು ಮುಚ್ಚಿಡದೆ ಅವುಗಳೊಳಕ್ಕೆ ವಿದ್ಯಾರ್ಥಿಯನ್ನು ಕರೆದೊಯ್ದು ಅವುಗಳಿಂದ ಹೊರಬರುವ ಬಗೆಯನ್ನು ತೋರಿಸುವ ಕ್ರಮವನ್ನು ರೂಪಿಸಿದರು. ಇಂದು ತಪ್ಪನ್ನು ಬೆಳೆಯಲು ಬಿಡಬೇಕೆನ್ನುವವರು ತಿಳಿದೋ ತಿಳಿಯದೆಯೋ ಈ ಪರಂಪರೆಯ ನೆರಳಲ್ಲಿ ನಿಂತಿದ್ದಾರೆ. ಆದರೆ ಗಾಸ್ಪೋರ್ಟ್ ಕ್ರಮದ ಜೀವಾಳ ಇದ್ದದ್ದು ವಿವರಣೆಯಲ್ಲಿ: ಬೋಧಕರು ಅಪಾಯವನ್ನು ಉದ್ದೇಶಪೂರ್ವಕವಾಗಿ ಸೃಷ್ಟಿಸಿ, ಅದು ಏಕೆ ಸಂಭವಿಸಿತೆಂದು ಹೇಳಿ, ಬಿಡುಗಡೆಯ ದಾರಿಯನ್ನು ಮಾಡಿ ತೋರಿಸುತ್ತಿದ್ದರು. ಅನಿರೀಕ್ಷಿತವಾಗಿ ಹುಟ್ಟಿದ ತಪ್ಪನ್ನು ನೆಲದಿಂದ ಹತ್ತು ಅಡಿ ಎತ್ತರದಲ್ಲಿ ಮೌನವಾಗಿ ನೋಡುತ್ತ ಕೂರುವುದಕ್ಕೂ ಆ ಪರಂಪರೆಗೂ ಸಂಬಂಧವಿಲ್ಲ.

ಹತ್ತು ಅಡಿ ಎತ್ತರದಲ್ಲಿ ಏನಾಗುತ್ತದೆ ಎಂಬುದನ್ನು ಸಮೀಪದಿಂದ ನೋಡಿದರೆ ಈ ಮಾತು ಸ್ಪಷ್ಟವಾಗುತ್ತದೆ. ವಿಮಾನ ಗಡುಸಾಗಿ ನೆಲಕ್ಕೆ ತಾಗಿ ಪುಟಿದು ಮೇಲೇರುತ್ತದೆ. ಮೂಗು ಆಕಾಶ ನೋಡುತ್ತಿರುತ್ತದೆ, ವೇಗ ಕ್ಷಣಕ್ಷಣಕ್ಕೂ ಕುಸಿಯುತ್ತಿರುತ್ತದೆ. ವಿದ್ಯಾರ್ಥಿ ಗಾಬರಿಯಿಂದ ಯೋಕನ್ನು ಮುಂದಕ್ಕೆ ತಳ್ಳಿದರೆ ವಿಮಾನ ಮೂಗಿನ ಚಕ್ರದ ಮೇಲೆ ಬಂದು ಬಡಿದು ಇನ್ನೂ ಎತ್ತರಕ್ಕೆ ಪುಟಿಯುತ್ತದೆ, ಎರಡನೆಯ ಅಥವಾ ಮೂರನೆಯ ಪುಟಿತದಲ್ಲಿ ಮುಂಚಕ್ರದ ಕಾಲು ಮುರಿದು ಪ್ರೊಪೆಲ್ಲರ್ ನೆಲಕ್ಕೆ ತಾಗುತ್ತದೆ, ಎಂಜಿನ್ನಿಗೂ ಕಾಕ್‌ಪಿಟ್ಟಿಗೂ ನಡುವಿನ ಲೋಹದ ಗೋಡೆ ಸುಕ್ಕುಗಟ್ಟುತ್ತದೆ. ಬದಲಾಗಿ ಯೋಕನ್ನು ಹಿಂದಕ್ಕೆಳೆದು ಹಿಡಿದರೆ ರೆಕ್ಕೆಗಳು ಸ್ಟಾಲ್ ಆಗುತ್ತವೆ. ಆಸರೆ ಕಳೆದುಕೊಂಡ ವಸ್ತು ಹತ್ತು ಅಡಿಯಿಂದ ನೆಲಕ್ಕೆ ಬೀಳಲು ಒಂದು ಸೆಕೆಂಡ್ ಕೂಡ ಬೇಕಿಲ್ಲ. ಇಷ್ಟರೊಳಗೆ ಬೋಧಕರು ತಪ್ಪನ್ನು ಕಾಣಬೇಕು, ವಿದ್ಯಾರ್ಥಿ ಅದನ್ನು ತಾನೇ ಸರಿಪಡಿಸುವುದಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು, ಕೈ ಹಾಕಬೇಕು, ಥ್ರಾಟಲ್ ಒತ್ತಬೇಕು, ಎಂಜಿನ್ ಸ್ಪಂದಿಸಿ ವಿಮಾನ ವೇಗ ಪಡೆಯಬೇಕು. ಈ ಸರಣಿಯ ಮೊದಲೆರಡು ಹೆಜ್ಜೆಗಳಿಗೇ ಇರುವ ಕಾಲವೆಲ್ಲ ವ್ಯಯವಾಗುತ್ತದೆ. ಅದೃಷ್ಟವನ್ನು ಕೌಶಲವೆಂದು ಎಣಿಸಿಕೊಂಡ ಬೋಧಕರಷ್ಟೇ ಇಲ್ಲಿ ರಕ್ಷಣೆ ಸದಾ ಸಾಧ್ಯವೆಂದು ಹೇಳಬಲ್ಲರು.

ಇದರ ಜೊತೆಗೆ ನಿಯಂತ್ರಣ ಯಾರ ಕೈಯಲ್ಲಿದೆ ಎಂಬ ಗೊಂದಲ ಸೇರಿಕೊಳ್ಳುತ್ತದೆ. ಹೆದರಿದ ವ್ಯಕ್ತಿಯ ಹಿಡಿತ ಬಿಗಿಯಾಗುತ್ತದೆಯೇ ಹೊರತು ಸಡಿಲವಾಗುವುದಿಲ್ಲ. ಬೋಧಕರು ತಳ್ಳುವಾಗ ವಿದ್ಯಾರ್ಥಿ ಎಳೆಯುತ್ತಿದ್ದರೆ ಎರಡು ಯೋಕ್‌ಗಳೂ ಒಂದಕ್ಕೊಂದು ಜೋಡಣೆಯಾಗಿರುವುದರಿಂದ ಗೆಲ್ಲುವುದು ತೋಳ್ಬಲ. ಈ ಕಾರಣಕ್ಕಾಗಿಯೇ ಅಮೆರಿಕದ ವಿಮಾನಯಾನ ಆಡಳಿತವಾದ ಎಫ್‌ಎಎ ಮೂರು ಹಂತದ ಹಸ್ತಾಂತರವನ್ನು ಬೋಧಿಸುತ್ತದೆ: ಒಬ್ಬರು ನಿಯಂತ್ರಣ ಬಿಟ್ಟುಕೊಡುವ ಮಾತು ಹೇಳುತ್ತಾರೆ, ಇನ್ನೊಬ್ಬರು ತಾವು ಪಡೆದೆವೆಂದು ಒಪ್ಪಿಕೊಳ್ಳುತ್ತಾರೆ, ಮೊದಲಿನವರು ಅದನ್ನು ಮತ್ತೊಮ್ಮೆ ದೃಢಪಡಿಸಿ ಕೈ ಬಿಡುತ್ತಾರೆ. ಮೂರು ವಾಕ್ಯಗಳ ಈ ವಿನಿಮಯಕ್ಕೆ ಕೆಲವು ಸೆಕೆಂಡುಗಳಾದರೂ ಬೇಕು, ಆ ಸೆಕೆಂಡುಗಳು ಮುನ್ನೂರು ಅಡಿಯಲ್ಲಿ ಇರುತ್ತವೆ, ಹತ್ತು ಅಡಿಯಲ್ಲಿ ಇರುವುದಿಲ್ಲ. ಬೋಧಕರ ಮಧ್ಯಪ್ರವೇಶವು ಕ್ರಮಬದ್ಧವಾಗಿ ನಡೆಯಬೇಕಾದರೆ ಅದು ಬೇಗ ನಡೆಯಲೇಬೇಕು.

ನೀರಿಗಿಳಿಯದೆ ಈಜು ಬಾರದು ಎಂಬ ಗಾದೆಯಂಥ ಮಾತನ್ನು ಈ ಸಂದರ್ಭದಲ್ಲಿ ಪ್ರಯೋಗಿಸುವವರಿದ್ದಾರೆ. ಹಳ್ಳಿಯ ಬಾವಿಯಲ್ಲಿ ಮಕ್ಕಳಿಗೆ ಈಜು ಕಲಿಸಿದ ಹಿರಿಯರು ಅವರನ್ನು ನೀರಿಗೆ ಇಳಿಸುವ ಮೊದಲು ಸೊಂಟಕ್ಕೆ ಒಣ ಸೋರೆಬುರುಡೆ ಕಟ್ಟುತ್ತಿದ್ದರು ಎಂಬುದನ್ನು ಅವರು ಮರೆಯುತ್ತಾರೆ; ಮುಳುಗುವ ಮಗುವನ್ನು ಕೊನೆಯ ಗುಟುಕಿನಲ್ಲಿ ಜುಟ್ಟು ಹಿಡಿದೆತ್ತುವುದು ಅವರ ಪದ್ಧತಿಯಾಗಿರಲಿಲ್ಲ. ಇಳಿಸುವಿಕೆಯ ಬೋಧನೆಯಲ್ಲಿ ಆ ಬುರುಡೆಯ ಸ್ಥಾನದಲ್ಲಿರಬೇಕಾದುದು ಮೊದಲೇ ಘೋಷಿಸಿದ ಮಿತಿಗಳು. ಮುನ್ನೂರು ಅಡಿಯಲ್ಲಿ ವಿಮಾನ ಮಧ್ಯರೇಖೆಯ ಮೇಲಿರಬೇಕು, ವೇಗವು ನಿಗದಿತ ಅಂಕಿಗಿಂತ ಐದು ನಾಟ್ ಹೆಚ್ಚು ಅಥವಾ ಐದು ನಾಟ್ ಕಡಿಮೆಯ ಮೇರೆಯೊಳಗಿರಬೇಕು, ಇಳಿಕೆಯ ಕೋನ ಸ್ಥಿರವಾಗಿರಬೇಕು, ಫ್ಲ್ಯಾಪ್ ಮತ್ತು ಟ್ರಿಮ್ ಸಿದ್ಧವಾಗಿರಬೇಕು. ಇವುಗಳಲ್ಲಿ ಒಂದು ತಪ್ಪಿದರೂ ಚರ್ಚೆಯಿಲ್ಲದೆ ಮೇಲೇರಬೇಕು, ಮೊದಲ ಪುಟಿತ ಕೆಲವು ಅಡಿ ಮೀರಿದರೂ ಹಾಗೆಯೇ. ಈ ಮಾತುಗಳು ವಿಮಾನ ಹತ್ತುವ ಮುನ್ನ, ನೆಲದ ಮೇಲೆ, ಇಬ್ಬರ ನಡುವೆ ಒಪ್ಪಂದವಾಗಿರಬೇಕು.

ಬೇಗ ಕೈಹಾಕಿದರೆ ವಿದ್ಯಾರ್ಥಿ ಪರಾವಲಂಬಿಯಾಗುತ್ತಾನೆ, ಆತ್ಮವಿಶ್ವಾಸ ಕುಗ್ಗುತ್ತದೆ ಎಂಬ ಆಕ್ಷೇಪ ಇಲ್ಲಿ ಸಹಜವಾಗಿ ಏಳುತ್ತದೆ. ಮಿತಿ ಬೋಧಕರ ಮನಸ್ಸಿನಲ್ಲಿ ಗುಟ್ಟಾಗಿದ್ದಾಗ ಈ ಆಕ್ಷೇಪ ಸರಿ, ಏಕೆಂದರೆ ಆಗ ಪ್ರತಿ ಮಧ್ಯಪ್ರವೇಶವೂ ವಿದ್ಯಾರ್ಥಿಗೆ ಅಕಾರಣ ಶಿಕ್ಷೆಯಂತೆ ಕಾಣುತ್ತದೆ. ಮಿತಿ ಇಬ್ಬರಿಗೂ ತಿಳಿದಿರುವಾಗ ಅದನ್ನು ಕಾಯುವ ಹೊಣೆ ವಿದ್ಯಾರ್ಥಿಯದೇ ಆಗುತ್ತದೆ. ಮುನ್ನೂರು ಅಡಿಯಲ್ಲಿ ವೇಗಮಾಪಕ ನೋಡಿ, ಇದು ಸರಿಯಿಲ್ಲ, ಮೇಲೇರುತ್ತಿದ್ದೇನೆ ಎಂದು ಹೇಳುವ ವಿದ್ಯಾರ್ಥಿಗಿಂತ ಸ್ವಾವಲಂಬಿ ಬೇರೊಬ್ಬರಿಲ್ಲ. ಕೊನೆಯ ಕ್ಷಣದ ರಕ್ಷಣೆಗೆ ಒಗ್ಗಿಕೊಂಡ ವಿದ್ಯಾರ್ಥಿಯೇ ನಿಜಕ್ಕೂ ಪರಾವಲಂಬಿ, ಏಕೆಂದರೆ ಕೆಟ್ಟ ಅಪ್ರೋಚನ್ನೂ ಮುಂದುವರಿಸಬಹುದು, ಪಕ್ಕದ ಸೀಟಿನವರು ಹೇಗೋ ಉಳಿಸುತ್ತಾರೆ ಎಂಬ ಪಾಠ ಆ ವಿದ್ಯಾರ್ಥಿಯ ಮೈಗೆ ಹತ್ತಿರುತ್ತದೆ. ಏಕಾಂಗಿ ಹಾರಾಟದ ದಿನ ಆ ಸೀಟು ಖಾಲಿಯಾಗಿರುತ್ತದೆ.

ಮೂರನೆಯ ಅಂಗವೇ ಎಲ್ಲಕ್ಕಿಂತ ಹಾನಿಕರವಾದುದು. ಇಳಿಯುವ ಯತ್ನವನ್ನು ಕೈಬಿಟ್ಟು ಮತ್ತೆ ಮೇಲೇರುವುದಕ್ಕೆ ಗೋ-ಅರೌಂಡ್ ಎನ್ನುತ್ತಾರೆ. ಅದನ್ನು ಸೋಲೆಂದು ಕಾಣುವ ವಾತಾವರಣದಲ್ಲಿ ಬೆಳೆದ ಪೈಲಟ್‌ಗೆ ಅದರ ಅಭ್ಯಾಸವೂ ಕಡಿಮೆ, ಅದನ್ನು ಆರಿಸಿಕೊಳ್ಳುವ ಧೈರ್ಯವೂ ಕಡಿಮೆ. ಆದರೆ ಗೋ-ಅರೌಂಡ್ ಎಂಬುದು ಥ್ರಾಟಲ್ ಒತ್ತಿದರೆ ಮುಗಿಯುವ ಕೆಲಸವಲ್ಲ. ನಿಧಾನ ವೇಗಕ್ಕೆ ಟ್ರಿಮ್ ಮಾಡಿದ ವಿಮಾನಕ್ಕೆ ಏಕಾಏಕಿ ಪೂರ್ಣ ಬಲ ಕೊಟ್ಟಾಗ ಮೂಗು ಜೋರಾಗಿ ಮೇಲೇಳುತ್ತದೆ, ಅದನ್ನು ಬಲವಾಗಿ ತಡೆಹಿಡಿಯದಿದ್ದರೆ ಸ್ಟಾಲ್ ಆಗುತ್ತದೆ. ಜೊತೆಗೆ ಮೂಗು ಎಡಕ್ಕೆ ತಿರುಗಲು ನೋಡುವುದರಿಂದ ಬಲ ಪೆಡಲ್ ಒತ್ತಬೇಕಾಗುತ್ತದೆ. ಸೆಸ್ನಾ 172ರಲ್ಲಿ ಫ್ಲ್ಯಾಪ್‌ಗಳನ್ನು ಮೊದಲು 20 ಡಿಗ್ರಿಗೆ ತಂದು, ಏರುವ ವೇಗ ಸ್ಥಿರವಾದ ಮೇಲೆ ಉಳಿದುದನ್ನು ಹಂತಹಂತವಾಗಿ ಮಡಿಸಬೇಕು, ಗಡಿಬಿಡಿಯಲ್ಲಿ ಒಮ್ಮೆಲೇ ಮಡಿಸಿದರೆ ವಿಮಾನ ಕುಸಿಯುತ್ತದೆ. ಇಷ್ಟು ಸೂಕ್ಷ್ಮವಾದ ಕ್ರಿಯೆಯನ್ನು ಅಪರೂಪಕ್ಕೊಮ್ಮೆ, ಅದೂ ಎತ್ತರದಲ್ಲೇ, ಮೊದಲೇ ಹೇಳಿ ಮಾಡಿಸಿ ಕೈತೊಳೆದುಕೊಂಡರೆ, ನಿಜವಾಗಿ ಬೇಕಾದ ದಿನ ಅದೇ ಅಪಘಾತಕ್ಕೆ ಕಾರಣವಾಗುತ್ತದೆ.

ರನ್‌ವೇಗೆ ಎದುರಾಗಲು ತೆಗೆದುಕೊಳ್ಳುವ ಕೊನೆಯ ತಿರುವಿನಲ್ಲಿ ಇದೇ ಮನೋಭಾವ ಪ್ರಾಣಕ್ಕೇ ಎರವಾಗುತ್ತದೆ. ಗಾಳಿಯ ಸೆಳೆತಕ್ಕೆ ಮಧ್ಯರೇಖೆಯನ್ನು ದಾಟಿಹೋದ ವಿದ್ಯಾರ್ಥಿ ಹೇಗಾದರೂ ಇಳಿಯಲೇಬೇಕೆಂಬ ಹಟದಲ್ಲಿ ವಿಮಾನವನ್ನು ಮತ್ತಷ್ಟು ವಾಲಿಸಿ, ಪೆಡಲ್ ಒತ್ತಿ ಮೂಗನ್ನು ಎಳೆದು ತರಲು ನೋಡುತ್ತಾನೆ. ಎತ್ತರ ಕಾಯ್ದುಕೊಂಡು 45 ಡಿಗ್ರಿ ವಾಲಿದ ವಿಮಾನದ ಸ್ಟಾಲ್ ವೇಗ ಸುಮಾರು ಶೇಕಡ 19ರಷ್ಟು, 60 ಡಿಗ್ರಿ ವಾಲಿದರೆ ಸುಮಾರು ಶೇಕಡ 41ರಷ್ಟು ಏರುತ್ತದೆ. ಪೆಡಲ್‌ನಿಂದ ಅಡ್ಡಜಾರಿದ ಸ್ಥಿತಿಯಲ್ಲಿ ಸ್ಟಾಲ್ ಆದ ವಿಮಾನ ಒಂದು ರೆಕ್ಕೆಯ ಮೇಲೆ ಮಗುಚಿ ಸುತ್ತತೊಡಗುತ್ತದೆ, ಐನೂರು ಅಡಿಯಲ್ಲಿ ಅದರಿಂದ ಚೇತರಿಸಿಕೊಳ್ಳಲು ಎತ್ತರ ಸಾಲದು. ನೆಲ ಮುಟ್ಟುವಾಗಿನ ತಪ್ಪು ಸಾಮಾನ್ಯವಾಗಿ ಲೋಹವನ್ನು ಮುರಿಯುತ್ತದೆ. ಜನರನ್ನು ಕೊಲ್ಲುವುದು ಬಹುತೇಕ ಈ ತಿರುವಿನ ಹಟ ಮತ್ತು ಎಡವಿದ ಗೋ-ಅರೌಂಡ್. ಹೀಗಿರುವಾಗ ತರಬೇತಿಯ ಮೌಲ್ಯಮಾಪನ ಮಾತ್ರ ಸ್ಪರ್ಶದ ಮೃದುತ್ವದ ಸುತ್ತಲೇ ಸುತ್ತುತ್ತಿರುವುದು ಸಮರ್ಥನೀಯವಲ್ಲ.

ಕರ್ನಾಟಕದ ಮಟ್ಟಿಗೆ ಈ ವಾದಕ್ಕೆ ಭೌಗೋಳಿಕ ತೂಕವೂ ಇದೆ. ಜಕ್ಕೂರಿನಲ್ಲಿ 1940ರ ದಶಕದ ಕೊನೆಯಿಂದ ಸರ್ಕಾರಿ ವೈಮಾನಿಕ ತರಬೇತಿ ಶಾಲೆಯಿದೆ. ಇತ್ತೀಚಿನ ವರ್ಷಗಳಲ್ಲಿ ವಿಮಾನ ನಿಲ್ದಾಣಗಳ ಪ್ರಾಧಿಕಾರವು ಹೊಸ ತರಬೇತಿ ಸಂಸ್ಥೆಗಳಿಗೆ ಆರಿಸಿದ ನಿಲ್ದಾಣಗಳಲ್ಲಿ ಬೆಳಗಾವಿ ಮತ್ತು ಕಲಬುರಗಿಯೂ ಸೇರಿವೆ. ಜಕ್ಕೂರು ಸಮುದ್ರಮಟ್ಟದಿಂದ ಸುಮಾರು 3000 ಅಡಿ ಎತ್ತರದಲ್ಲಿದ್ದು, ಬೇಸಿಗೆಯ 34 ಡಿಗ್ರಿ ಬಿಸಿಲಿನಲ್ಲಿ ಅಲ್ಲಿನ ಗಾಳಿ ಸುಮಾರು 6000 ಅಡಿ ಎತ್ತರದ ಗಾಳಿಯಷ್ಟು ವಿರಳವಾಗಿರುತ್ತದೆ. ಅಲ್ಲಿ ವೇಗಮಾಪಕ 65 ತೋರಿಸುವಾಗ ವಿಮಾನದ ನಿಜವಾದ ವೇಗ 71 ನಾಟ್‌ನ ಆಸುಪಾಸಿನಲ್ಲಿರುತ್ತದೆ, ನೆಲದ ಮೇಲಿನ ಓಟ ಅದಕ್ಕೆ ತಕ್ಕಂತೆ ಉದ್ದವಾಗುತ್ತದೆ. ಇದೇ ವಿರಳ ಗಾಳಿಯಲ್ಲಿ ಸಾಮಾನ್ಯ ಪಿಸ್ಟನ್ ಎಂಜಿನ್ ತನ್ನ ಬಲದ ಐದನೆಯ ಒಂದು ಪಾಲಿಗೆ ಹತ್ತಿರದಷ್ಟನ್ನು ಕಳೆದುಕೊಳ್ಳುವುದರಿಂದ ಗೋ-ಅರೌಂಡ್ ಮಾಡಿದ ವಿಮಾನ ಮೆಲ್ಲಗೆ, ತೆವಳುತ್ತ ಏರುತ್ತದೆ. ಸಮುದ್ರಮಟ್ಟದಲ್ಲಿ ಐವತ್ತು ಅಡಿಯವರೆಗೆ ಮುಂದೂಡಬಹುದಾದ ತೀರ್ಮಾನವನ್ನು ಇಲ್ಲಿ ಇನ್ನೂ ಮುಂಚೆ ಮಾಡಬೇಕಾಗುತ್ತದೆ.

ಅಪ್ರೋಚ್‌ನ ಹಟ ಎಷ್ಟು ದೂರ ಒಯ್ಯಬಲ್ಲದೆಂಬುದಕ್ಕೆ ಮಂಗಳೂರೇ ಸಾಕ್ಷಿ. 2010ರ ಮೇ 22ರಂದು ದುಬೈನಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನವು ಇರಬೇಕಾದುದಕ್ಕಿಂತ ಬಹಳ ಎತ್ತರದಿಂದ, ಹೆಚ್ಚಿನ ವೇಗದಲ್ಲಿ ರನ್‌ವೇಯತ್ತ ಬಂದಿತು; ಸಹ ಪೈಲಟ್ ಮೂರು ಬಾರಿ ಗೋ-ಅರೌಂಡ್ ಮಾಡುವಂತೆ ಸೂಚಿಸಿದರೂ ಕ್ಯಾಪ್ಟನ್ ಮುಂದುವರಿಸಿದರೆಂದು ತನಿಖಾ ವರದಿ ದಾಖಲಿಸಿದೆ. ಸುಮಾರು 8000 ಅಡಿ ಉದ್ದದ ರನ್‌ವೇಯಲ್ಲಿ ವಿಮಾನ ನೆಲ ಮುಟ್ಟಿದ್ದು ಸುಮಾರು 5200 ಅಡಿ ದಾಟಿದ ಮೇಲೆ. 158 ಜನ ಸತ್ತರು. ಜೆಟ್ ವಿಮಾನಕ್ಕೂ ತರಬೇತಿಯ ಸಣ್ಣ ವಿಮಾನಕ್ಕೂ ಅಂತರ ಅಪಾರವಾದರೂ, ಅಸ್ಥಿರವಾದ ಅಪ್ರೋಚನ್ನು ಬಿಡಲೊಲ್ಲದ ಮನಸ್ಸು ಎರಡರಲ್ಲೂ ಒಂದೇ. ವಿಮಾನಯಾನ ಸಂಸ್ಥೆಗಳ ಹಾರಾಟಗಳಲ್ಲಿ ಅಸ್ಥಿರ ಅಪ್ರೋಚ್‌ಗಳ ಪೈಕಿ ಗೋ-ಅರೌಂಡ್‌ನಲ್ಲಿ ಕೊನೆಗೊಳ್ಳುವುದು ಶೇಕಡ 3ರಷ್ಟು ಮಾತ್ರ ಎಂದು ಫ್ಲೈಟ್ ಸೇಫ್ಟಿ ಫೌಂಡೇಶನ್ ಅಧ್ಯಯನ ತೋರಿಸಿದೆ. ಹೇಗಾದರೂ ಇಳಿಸಿಬಿಡುವ ಈ ಪ್ರವೃತ್ತಿ ಜೆಟ್ ವಿಮಾನದ ಕಾಕ್‌ಪಿಟ್‌ನಲ್ಲಿ ಹುಟ್ಟುವಂಥದಲ್ಲ. ಮೊದಲ ಇಪ್ಪತ್ತು ಗಂಟೆಗಳ ಕಲಿಕೆಯಲ್ಲಿ ಯಾವುದಕ್ಕೆ ಶಹಬ್ಬಾಸ್ ಸಿಗುತ್ತದೋ ಅದೇ ಮುಂದೆ ಸ್ವಭಾವವಾಗಿ ಉಳಿಯುತ್ತದೆ.

ಇದಕ್ಕೆಲ್ಲ ಸಮಯವೂ ಹಣವೂ ಎಲ್ಲಿದೆ ಎಂಬುದು ಉಳಿದ ಕೊನೆಯ ಆಕ್ಷೇಪ. ಭಾರತದಲ್ಲಿ ವಾಣಿಜ್ಯ ಪೈಲಟ್ ಪರವಾನಗಿಗೆ 200 ಗಂಟೆಗಳ ಹಾರಾಟ ಬೇಕು, ಅದಕ್ಕಾಗಿ ಕುಟುಂಬಗಳು ಹಲವು ಲಕ್ಷ ರೂಪಾಯಿಗಳನ್ನು, ಎಷ್ಟೋ ಕಡೆ ಸಾಲ ಮಾಡಿ, ತೆರುತ್ತವೆ ಎಂಬುದು ನಿಜ. ಆದರೆ ಗಂಟೆಗಳು ಹೇಗಿದ್ದರೂ ಹಾರಲೇಬೇಕಾದವು. ಆ ಗಂಟೆಗಳೊಳಗೆ ಗೋ-ಅರೌಂಡನ್ನು ತುಂಬಿಸುವುದರಿಂದ ಒಟ್ಟು ಖರ್ಚು ಏರುವುದಿಲ್ಲ. ಒಂದು ಪ್ರೊಪೆಲ್ಲರ್ ನೆಲಕ್ಕೆ ತಾಗಿದರೆ ಎಂಜಿನ್ ಬಿಚ್ಚಿ ಪರೀಕ್ಷಿಸಬೇಕಾಗುತ್ತದೆ, ವಿಮಾನ ವಾರಗಟ್ಟಲೆ ಹ್ಯಾಂಗರ್‌ನಲ್ಲಿ ನಿಲ್ಲುತ್ತದೆ, ಅದನ್ನೇ ಕಾದಿದ್ದ ವಿದ್ಯಾರ್ಥಿಗಳೆಲ್ಲರ ತರಬೇತಿ ಹಿಂದೆ ಬೀಳುತ್ತದೆ. ಉಳಿತಾಯದ ವಾದ ಮಂಡಿಸುವವರು ಈ ನಷ್ಟವನ್ನು ಲೆಕ್ಕಕ್ಕೆ ಹಿಡಿಯುವುದೇ ಇಲ್ಲ.

ಬದಲಾವಣೆಗೆ ಹೊಸ ಯಂತ್ರಗಳೂ ಹೊಸ ಕಾನೂನೂ ಬೇಕಿಲ್ಲ. ಅಮೆರಿಕದ ಖಾಸಗಿ ಪೈಲಟ್ ಪರೀಕ್ಷೆಯಲ್ಲಿ ಸಾಮಾನ್ಯ ಇಳಿಸುವಿಕೆಯನ್ನು ಅಳೆಯುವ ಮುಖ್ಯ ಅಂಕಿಗಳು ಅಪ್ರೋಚ್ ವೇಗ ಮತ್ತು ಗೊತ್ತುಪಡಿಸಿದ ಬಿಂದುವಿನಿಂದ 400 ಅಡಿಯೊಳಗೆ ನೆಲ ಮುಟ್ಟುವುದು. ಸ್ಪರ್ಶದ ನಯಕ್ಕೆ ಅಲ್ಲಿ ಅಂಕಿಯ ಮಾನದಂಡವಿಲ್ಲ. ಪರೀಕ್ಷೆಯಲ್ಲಿ ಅಳೆಯುವುದನ್ನೇ ಪ್ರತಿದಿನದ ಪಾಠದಲ್ಲೂ ಅಳೆಯಲಿ. ವಿದ್ಯಾರ್ಥಿಯ ದಾಖಲೆ ಪುಸ್ತಕದಲ್ಲಿ ಇಳಿತಗಳ ಸಂಖ್ಯೆಯ ಪಕ್ಕದಲ್ಲೇ ಸ್ವಂತ ನಿರ್ಧಾರದಿಂದ ಮಾಡಿದ ಗೋ-ಅರೌಂಡ್‌ಗಳ ಸಂಖ್ಯೆಯೂ ಬರಲಿ, ಅದನ್ನು ಕೊರತೆಯೆಂದು ಬರೆಯದೆ ಅರ್ಹತೆಯೆಂದು ಬರೆಯಲಿ. ಫ್ಲೇರ್‌ನ ಎತ್ತರದಿಂದ ಗೋ-ಅರೌಂಡ್ ಮಾಡಿ ತೋರಿಸದವರಿಗೆ, ಪುಟಿದ ವಿಮಾನವನ್ನು ಸಾವರಿಸಿ ಮೇಲೇರಿಸುವುದನ್ನು ಬೋಧಕರ ಜೊತೆಯಲ್ಲಿ ಕಲಿಯದವರಿಗೆ ಏಕಾಂಗಿ ಹಾರಾಟದ ಅನುಮತಿ ಸಿಗದಿರಲಿ. ದಿನಕ್ಕೆ ಇಷ್ಟು ಗಂಟೆ ಹಾರಿಸಲೇಬೇಕೆಂಬ ಒತ್ತಡದಿಂದ ಬೋಧಕರನ್ನು ಮುಕ್ತಗೊಳಿಸುವುದು ಸಂಸ್ಥೆಗಳ ಹೊಣೆ; ದಣಿದ ಬೋಧಕರಿಗೆ ಮುನ್ನೂರು ಅಡಿಯಲ್ಲಿ ‘ಬೇಡ’ ಎನ್ನುವ ಚೈತನ್ಯವೂ ಉಳಿದಿರುವುದಿಲ್ಲ.

ಏಕಾಂಗಿ ಹಾರಾಟಕ್ಕೆ ಸಹಿ ಹಾಕುವ ಬೋಧಕರು, ಶುಲ್ಕ ಕಟ್ಟುವ ಪಾಲಕರು, ತರಬೇತಿ ಸಂಸ್ಥೆಗಳ ಗುಣಮಟ್ಟ ಪರಿಶೀಲಿಸುವ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ಅಧಿಕಾರಿಗಳು, ಈ ಮೂವರೂ ಇಂದು ಕೇಳುತ್ತಿರುವ ಪ್ರಶ್ನೆ ವಿದ್ಯಾರ್ಥಿ ಎಷ್ಟು ಬಾರಿ ಇಳಿಸಿದ್ದಾನೆ ಎಂಬುದು. ಅವರು ಕೇಳಬೇಕಾದುದು, ಇಳಿಸಬಾರದ ವಿಮಾನವನ್ನು ಯಾರೂ ಹೇಳದೆ ತಾನಾಗಿ ಎಷ್ಟು ಬಾರಿ ಮೇಲೇರಿಸಿದ್ದಾನೆ ಎಂಬುದನ್ನು. ಈ ಎರಡನೆಯ ಪ್ರಶ್ನೆಗೆ ಉತ್ತರ ‘ಒಮ್ಮೆಯೂ ಇಲ್ಲ’ ಎಂದಾದರೆ, ಆ ವಿದ್ಯಾರ್ಥಿ ನೂರು ಬಾರಿ ನಯವಾಗಿ ಇಳಿಸಿದ್ದರೂ ಒಬ್ಬಂಟಿಯಾಗಿ ಹಾರಲು ಇನ್ನೂ ಸಿದ್ಧನಾಗಿಲ್ಲ.